ಕೃಷಿ ಯಂತ್ರಧಾರೆ: ಬಾಡಿಗೆ ಕಡಿಮೆ, ಆದರೆ ಹದ ಕಾಯಲ್ಲ

ನಮ್ಮದು ಎರಡು ಎಕರೆ ಹತ್ತು ಗುಂಟೆ. ಅದೂ ಒಂದೇ ಕಡೆ ಇಲ್ಲ. ಊರ ಮುಂದೆ ಒಂದು ಎಕರೆ, ಕೆರೆ ಹಿಂದೆ ಮೂವತ್ತು ಗುಂಟೆ, ಮಿಕ್ಕ ಇಪ್ಪತ್ತು ಗುಂಟೆ ಗುಡ್ಡದ ಪಕ್ಕ. ತುಮಕೂರು ಸೀಮೆಯ ಕೆಂಪು ಮಣ್ಣು, ಮಳೆ ನಂಬಿದ ಹೊಲ. ರಾಗಿ, ಅಕ್ಕಡಿ ಸಾಲಿಗೆ ಅವರೆ, ತೊಗರಿ. ಎತ್ತು ಮಾರಿ ಒಂಬತ್ತು ವರ್ಷ ಆಯಿತು. ಅಪ್ಪನಿಗೆ ಮಂಡಿ ನೋವು, ನಾನು ವಾರದಲ್ಲಿ ಐದು ದಿನ ಬೆಂಗಳೂರಿನಲ್ಲಿ. ಹಾಗಾಗಿ ಹೊಲ ನೋಡಿಕೊಳ್ಳುವುದು ಅಮ್ಮ, ನೋಡಿಕೊಳ್ಳುತ್ತೇನೆ ಅಂತ ಹೇಳಿಕೊಳ್ಳುವುದು ನಾನು.

ಎತ್ತು ಹೋದ ಮೇಲೆ ಉಳುಮೆಗೆ ಬಾಡಿಗೆ ಟ್ರ್ಯಾಕ್ಟರೇ ಗತಿ. ಊರಲ್ಲಿ ಎರಡು ಮೂರು ಜನರ ಹತ್ತಿರ ಇದೆ. ಅದರ ಜೊತೆ ನಮ್ಮ ಹೋಬಳಿಯಲ್ಲಿ ಕೃಷಿ ಯಂತ್ರಧಾರೆ ಕೇಂದ್ರ ಇದೆ. ಮೂರು ವರ್ಷದಿಂದ ಅಲ್ಲಿಂದ ಒಂದಲ್ಲ ಒಂದು ಯಂತ್ರ ತರುತ್ತಾ ಇದ್ದೇವೆ. ಕೆಲವು ಸಲ ಚೆನ್ನಾಗಿ ಆಗಿದೆ, ಒಂದು ಸಲ ಕೈ ಕೊಟ್ಟಿದೆ. ಅದನ್ನೇ ಬರೆಯುತ್ತೇನೆ. ನಮ್ಮ ಹೋಬಳಿ ಯಾವುದು, ಕೇಂದ್ರ ನಡೆಸುವವರು ಯಾರು ಅಂತ ಹೇಳಲ್ಲ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಯಂತ್ರಧಾರೆ ಅನ್ನುವುದು ರಾಜ್ಯದ ಕೃಷಿ ಇಲಾಖೆ 2014-15ರಲ್ಲಿ ಶುರು ಮಾಡಿದ ಯೋಜನೆ. ಹೋಬಳಿ ಮಟ್ಟದಲ್ಲಿ ಒಂದು ಬಾಡಿಗೆ ಕೇಂದ್ರ. ಟ್ರ್ಯಾಕ್ಟರ್, ಮಣ್ಣು ಹುಡಿ ಮಾಡುವ ರೋಟವೇಟರ್, ಕಲ್ಟಿವೇಟರ್, ಬಿತ್ತುವ ಕೂರಿಗೆ, ಪವರ್ ಟಿಲ್ಲರ್, ಒಕ್ಕಣೆ ಮಿಷನ್ನು, ಕಳೆ ಹೊಡೆಯುವ ಬ್ರಷ್ ಕಟರ್, ಔಷಧಿ ಹೊಡೆಯುವ ಪಂಪು, ಎಲ್ಲ ಒಂದು ಶೆಡ್ಡಿನಲ್ಲಿ. ಯಂತ್ರ ಕೊಳ್ಳುವ ದುಡ್ಡಿನಲ್ಲಿ ಸರ್ಕಾರದ ಪಾಲು ಇರುತ್ತದೆ. ಆದರೆ ನಡೆಸುವುದು ಸರ್ಕಾರ ಅಲ್ಲ. ಸ್ವಯಂಸೇವಾ ಸಂಸ್ಥೆಗಳು, ಯಂತ್ರ ತಯಾರಿಸುವ ಕಂಪನಿಗಳು ನಡೆಸುತ್ತವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರೇ ನೂರಕ್ಕೂ ಜಾಸ್ತಿ ಕೇಂದ್ರ ನೋಡಿಕೊಂಡಿದ್ದಾರೆ. ಡ್ರೈವರ್ ಸಂಬಳ, ಡೀಸೆಲ್, ರಿಪೇರಿ ಎಲ್ಲ ಬಾಡಿಗೆ ದುಡ್ಡಿನಲ್ಲೇ ನಡೆಯಬೇಕು. ಆ ಬಾಡಿಗೆ ಹೊರಗಿನ ದರಕ್ಕಿಂತ ಕಡಿಮೆ ಇರಬೇಕು ಅನ್ನುವುದು ಷರತ್ತು. ಸರ್ಕಾರ, ಖಾಸಗಿಯವರು ಸೇರಿ ನಡೆಸುವ ಇದಕ್ಕೆ ಪಿಪಿಪಿ ಅನ್ನುತ್ತಾರಂತೆ. ಅಪ್ಪ ಕೇಳಿಸಿಕೊಂಡು, "ಪೀಪಿ ಊದೋದಾ?" ಅಂದರು.

ಯೋಚನೆ ಏನೋ ಸರಿಯಾಗಿದೆ. 2015-16ರ ಕೃಷಿ ಗಣತಿ ಪ್ರಕಾರ ರಾಜ್ಯದಲ್ಲಿ ಒಂದು ಹಿಡುವಳಿಯ ಸರಾಸರಿ 1.36 ಹೆಕ್ಟೇರ್. ಎಕರೆ ಲೆಕ್ಕದಲ್ಲಿ ಮೂರೂಕಾಲಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮದು ಅದಕ್ಕಿಂತಲೂ ಕಡಿಮೆ. ಇಷ್ಟು ಹೊಲ ಇಟ್ಟುಕೊಂಡು ಏಳೆಂಟು ಲಕ್ಷದ ಟ್ರ್ಯಾಕ್ಟರ್ ತಂದರೆ ಟ್ರ್ಯಾಕ್ಟರೇ ನಮ್ಮನ್ನು ಉತ್ತು ಹಾಕುತ್ತದೆ. ವರ್ಷಕ್ಕೆ ಹತ್ತು ಹನ್ನೆರಡು ಗಂಟೆ ಕೆಲಸ ಇರುತ್ತದೆ, ಮಿಕ್ಕ ದಿನ ಅದು ಹುಣಸೆ ಮರದ ಕೆಳಗೆ ನಿಂತಿರುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲಲ್ಲ. ಬಾಡಿಗೆಯೇ ಸರಿ. ಅದರಲ್ಲಿ ಎರಡು ಮಾತಿಲ್ಲ.

ಈಗ ಕೈ ಕೊಟ್ಟ ಕಥೆ.

ಎರಡು ವರ್ಷದ ಹಿಂದೆ, ಪುಷ್ಯ ಮಳೆ. ಶುಕ್ರವಾರ ರಾತ್ರಿ ಚೆನ್ನಾಗಿ ಹುಯ್ದು ಶನಿವಾರ ಬೆಳಗ್ಗೆ ನಿಂತಿತು. ಕೆಂಪು ಮಣ್ಣಿನ ಕಡೆಯವರಿಗೆ ಗೊತ್ತಿರುತ್ತದೆ, ಮಳೆ ನಿಂತ ಮಾರನೇ ದಿನಕ್ಕೆ ಹದ ಬರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಮಣ್ಣು ಉಂಡೆ ಆಗಬೇಕು, ಬೆರಳಲ್ಲಿ ಒತ್ತಿದರೆ ಉದುರಬೇಕು. ಆ ಹದ ಮೂರು ದಿನ, ಜಾಸ್ತಿ ಅಂದರೆ ನಾಲ್ಕು ದಿನ. ಅಷ್ಟರಲ್ಲಿ ರೋಟವೇಟರ್ ಹೊಡೆದು ರಾಗಿ ಬಿತ್ತಿಬಿಡಬೇಕು. ಆಮೇಲೆ ಮಣ್ಣು ಗಟ್ಟಿ. ಮುಂದಿನ ಮಳೆಗೆ ಆಕಾಶ ನೋಡುತ್ತಾ ಕೂರಬೇಕು.

ಭಾನುವಾರ ಬೆಳಗ್ಗೆ ಅಮ್ಮ ಹೊಲಕ್ಕೆ ಹೋಗಿ ಮಣ್ಣು ಮುಟ್ಟಿ ನೋಡಿ ಕೇಂದ್ರಕ್ಕೆ ಫೋನ್ ಮಾಡಿದಳು. ಎತ್ತಲಿಲ್ಲ. ಬಸ್ ಹತ್ತಿ ಹೋದಳು. ಶೆಡ್ಡಿಗೆ ಬೀಗ. ಭಾನುವಾರ ರಜವಂತೆ! ಬ್ಯಾಂಕಿಗೆ ಭಾನುವಾರ ರಜ ಇರಲಿ, ತಾಲ್ಲೂಕು ಕಚೇರಿಗೆ ಇರಲಿ. ಉಳುಮೆ ಟ್ರ್ಯಾಕ್ಟರಿಗೆ, ಅದೂ ಮಳೆ ಬಿದ್ದ ವಾರದಲ್ಲಿ? ಸೋಮವಾರ ಮತ್ತೆ ಹೋದಳು. ಟ್ರ್ಯಾಕ್ಟರಿಗೆ ಮೊದಲ ಸಲ ಆದ್ದರಿಂದ ಆಧಾರ್, ಪಹಣಿ ಕೇಳಿದರು, ಕೊಟ್ಟಳು. ಪುಸ್ತಕದಲ್ಲಿ ಹೆಸರು ಬರೆದುಕೊಂಡರು. ಇಪ್ಪತ್ತಮೂರನೇ ಹೆಸರು. ಟ್ರ್ಯಾಕ್ಟರ್ ಮೂರರಲ್ಲಿ ಒಂದು ರಿಪೇರಿಗೆ ಹೋಗಿತ್ತು. "ಗುರುವಾರ ಆಗ್ಬೋದು ಅಮ್ಮ, ನಾವೇ ಫೋನ್ ಮಾಡ್ತೀವಿ" ಅಂದರು. ಅದರ ಮೇಲೆ ಅಲ್ಲಿದ್ದ ಒಬ್ಬ, "ಯಜಮಾನ್ರು ಬರ್ಲಿಲ್ವಾ?" ಅಂತ ಬೇರೆ ಕೇಳಿದನಂತೆ. ಅಮ್ಮ ಇವತ್ತಿಗೂ ಅದನ್ನು ಮರೆತಿಲ್ಲ.

ಗುರುವಾರದವರೆಗೆ ಯಾರು ಕಾಯುತ್ತಾರೆ? ಊರಿನ ಟ್ರ್ಯಾಕ್ಟರ್ ಅಣ್ಣನಿಗೆ ಹೇಳಿದೆವು. ಕೇಂದ್ರದಲ್ಲಿ ರೋಟವೇಟರಿಗೆ ಗಂಟೆಗೆ ಎಂಟುನೂರು, ಇವನು ಸಾವಿರದ ಇನ್ನೂರು. ಸೋಮವಾರ ಸಂಜೆ ಬಂದವನು ರಾತ್ರಿ ಒಂಬತ್ತರವರೆಗೆ ಲೈಟ್ ಹಾಕಿಕೊಂಡು ಮೂರೂ ಕಡೆ ಮುಗಿಸಿಕೊಟ್ಟ. ಮಂಗಳವಾರ ಬಿತ್ತನೆ ಆಯಿತು. ಕೇಂದ್ರದವರು ಗುರುವಾರ ಫೋನ್ ಮಾಡಲೂ ಇಲ್ಲ. ಅಪ್ಪ ಜಗಲಿ ಮೇಲೆ ಕೂತು ಒಂದೇ ಮಾತು ಅಂದರು: "ಅಗ್ಗ ಅಂತ ಕಾದಿದ್ರೆ ಈ ಸಲ ರಾಗಿ ಬದ್ಲು ಅಣ್ಣೆ ಸೊಪ್ಪು ಕುಯ್ಯಬೇಕಿತ್ತು."

ಆಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ಕೇಂದ್ರದ ಡ್ರೈವರ್ ಹುಡುಗನ ಹತ್ತಿರ ಟೀ ಅಂಗಡಿಯಲ್ಲಿ ಮಾತಾಡಿದಾಗ ಒಳಗಿನ ಲೆಕ್ಕ ಗೊತ್ತಾಯಿತು. ಅವನಿಗೆ ದಿನಕ್ಕೆ ಇಷ್ಟು ಗಂಟೆ ಓಡಿಸಬೇಕು ಅಂತ ಇದೆ. ಗಂಟೆ ಎಣಿಸುವುದು ಹೊಲದೊಳಗೆ ಮಾತ್ರ. ದಾರಿಗೆ ದುಡ್ಡಿಲ್ಲ. ಹತ್ತು ಎಕರೆ ಇರುವವರ ಹೊಲಕ್ಕೆ ಬೆಳಗ್ಗೆ ಇಳಿದರೆ ಸಂಜೆವರೆಗೂ ಮೀಟರ್ ಓಡುತ್ತದೆ. ನಮ್ಮಂಥವರ ಮೂವತ್ತು ಗುಂಟೆಗೆ ಮುಕ್ಕಾಲು ಗಂಟೆ ಕೆಲಸ, ಬರುವುದಕ್ಕೆ ಅರ್ಧ ಗಂಟೆ, ಆಮೇಲೆ ಕೆರೆ ಏರಿ ಸುತ್ತಿಕೊಂಡು ಇನ್ನೊಂದು ತುಂಡಿಗೆ ಹೋಗಬೇಕು. ಅಷ್ಟು ಹೊತ್ತೂ ಡೀಸೆಲ್ ಸುಡುತ್ತದೆ, ಬಿಲ್ ಮಾತ್ರ ಏಳಲ್ಲ. ಬಾಡಿಗೆ ಕಡಿಮೆ ಇಟ್ಟುಕೊಂಡು ಆ ಬಾಡಿಗೆಯಲ್ಲೇ ಸಂಬಳ, ರಿಪೇರಿ ತೂಗಿಸಬೇಕಾದ ಮ್ಯಾನೇಜರ್ ಟ್ರ್ಯಾಕ್ಟರನ್ನು ಎಲ್ಲಿಗೆ ಕಳಿಸುತ್ತಾನೆ? ಪುಸ್ತಕದಲ್ಲಿ ಸರದಿ ಇದೆ, ನಿಜ. ಆದರೆ ಹತ್ತು ಎಕರೆಯವರಿಗೆ ಪುಸ್ತಕ ಬೇಕಾಗಲ್ಲ. ನಾನೇ ಆ ಕುರ್ಚಿಯಲ್ಲಿ ಕೂತಿದ್ದರೂ ಇದನ್ನೇ ಮಾಡುತ್ತಿದ್ದೆನೇನೋ.

ಸಣ್ಣ ರೈತರಿಗೆ ಅಂತ ಯೋಜನೆ ಮಾಡಿದ್ದಾರೆ, ಆದರೆ ಸಣ್ಣ ತುಂಡಿಗೆ ಹೋದರೆ ನಡೆಸುವವರಿಗೆ ನಷ್ಟ. ದರ ಕಡಿಮೆ ಇಡಿ ಅಂತ ಷರತ್ತು ಹಾಕಿದ ಹಾಗೆ, ಮೂರು ಎಕರೆ ಒಳಗಿನವರಿಗೆ ಹದದ ದಿನಗಳಲ್ಲಿ ಒಂದು ಟ್ರ್ಯಾಕ್ಟರ್ ಮೀಸಲಿಡಿ, ಅದರ ದಾರಿ ಡೀಸೆಲ್ ನಾವು ಕೊಡುತ್ತೇವೆ ಅಂತ ಸರ್ಕಾರ ಬರೆದುಕೊಟ್ಟಿದ್ದರೆ ಅಮ್ಮ ಎರಡು ಸಲ ಬಸ್ ಹತ್ತಬೇಕಾಗಿರಲಿಲ್ಲ. ನಮಗೆ ಗಂಟೆಗೆ ನಾನೂರು ರೂಪಾಯಿ ಉಳಿಯುವುದಕ್ಕಿಂತ ಭಾನುವಾರ ಟ್ರ್ಯಾಕ್ಟರ್ ಸಿಗುವುದು ಮುಖ್ಯ.

ಆದರೆ ಒಂದು ಮಾತು ಹೇಳಲೇಬೇಕು. ಆ ಟ್ರ್ಯಾಕ್ಟರ್ ಅಣ್ಣ ಮೊದಲು ಸಾವಿರದ ನಾನೂರು ಕೇಳಿದ್ದ. ಅಮ್ಮ "ಸೆಂಟರಲ್ಲಿ ಎಂಟ್ನೂರಪ್ಪ, ನಿಂಗೇನು ಚಿನ್ನದ ಗುಳನಾ?" ಅಂದ ಮೇಲೆ ಇಳಿದದ್ದು. ಮೊದಲೆಲ್ಲ ಅವನು ಹೇಳಿದ್ದೇ ರೇಟು. ಈಗ ಊರಿನ ಎಲ್ಲರ ಬಾಯಲ್ಲೂ ಸೆಂಟರ್ ರೇಟು ಇದೆ. ಅಂದರೆ ಯಂತ್ರಧಾರೆ ನಮ್ಮ ಹೊಲಕ್ಕೆ ಬರದೇ ಇದ್ದ ದಿನವೂ ನಮ್ಮ ದುಡ್ಡು ಉಳಿಸಿತು. ಈ ಉಪಕಾರ ಯಾವ ರಸೀದಿಯಲ್ಲೂ ಕಾಣಲ್ಲ. ಸುಮ್ನೆ ಬೈದು ಹೋಗುವವರು ಇದನ್ನು ಮರೆಯುತ್ತಾರೆ.

ಕಳೆದ ವರ್ಷ ಅಮ್ಮ ಬೇರೆ ದಾರಿ ಹಿಡಿದಳು. ಊರ ಮುಂದಿನ ನಮ್ಮ ಒಂದು ಎಕರೆಗೆ ಅಂಟಿಕೊಂಡು ಇನ್ನೂ ನಾಲ್ಕು ಮನೆಯವರ ಹೊಲ ಇದೆ. ಎಲ್ಲ ಸೇರಿ ಐದು ಎಕರೆ ಚಿಲ್ಲರೆ. ಐದೂ ಮನೆಯವರನ್ನು ಕೂರಿಸಿಕೊಂಡು, ಮಳೆಗೆ ಮುಂಚೆಯೇ ಕೇಂದ್ರಕ್ಕೆ ಹೋಗಿ, "ಒಂದೇ ಕಡೆ ಐದು ಎಕರೆ, ಮಳೆ ನಿಂತ ಮಾರನೇ ದಿನ ಅಂತ ಬರ್ಕೊಳ್ಳಿ" ಅಂದಳು. ಐದು ಎಕರೆ ಅಂದ ತಕ್ಷಣ ಮ್ಯಾನೇಜರ್ ಕುರ್ಚಿ ಹಾಕಿದರಂತೆ. ಚಿಕ್ಕಪ್ಪ ಒಬ್ಬರೇ ಒಪ್ಪಲಿಲ್ಲ ಮೊದಲು. ಟ್ರ್ಯಾಕ್ಟರ್ ಹೊಲದಿಂದ ಹೊಲಕ್ಕೆ ಹಾಯುವಾಗ ಬದು ಹೋಗುತ್ತದೆ ಅನ್ನುವುದು ಅವರ ಭಯ. ನಮ್ಮ ಮನೆಗಳ ನಡುವೆ ಬದುವಿನ ಜಗಳ ನಾನು ಹುಟ್ಟುವ ಮುಂಚಿನದು, ಹಾಗಾಗಿ ಭಯ ಪಡುವುದರಲ್ಲಿ ತಪ್ಪಿಲ್ಲ. ಕೊನೆಗೆ ನಾಲ್ಕು ಮೂಲೆಗೂ ಕಲ್ಲು ನೆಟ್ಟು, ನಾನು ಮೊಬೈಲಲ್ಲಿ ಫೋಟೊ ಹೊಡೆದುಕೊಟ್ಟ ಮೇಲೆ ಹೂಂ ಅಂದರು.

ಟ್ರ್ಯಾಕ್ಟರ್ ಬಂತು. ಹೇಳಿದ ದಿನವೇ, ಬೆಳಗ್ಗೆ ಏಳಕ್ಕೆ. ಮಧ್ಯಾಹ್ನದೊಳಗೆ ಐದೂ ಮನೆಯದು ಮುಗಿಯಿತು. ಉಳುಮೆ ಚೆನ್ನಾಗಿತ್ತು, ಗುಳ ಸವೆದಿರಲಿಲ್ಲ, ಮಣ್ಣು ಹುಡಿಯಾಗಿ ಬಿತ್ತು. ರಾಗಿ ಕೂರಿಗೆಯನ್ನೂ ಅವರದೇ ತಂದಿದ್ದೆವು. ಅದರಲ್ಲಿ ಮಾತ್ರ ಎಚ್ಚರ. ರಾಗಿ ಸಣ್ಣ ಕಾಳು, ತೂತಿನ ಅಳತೆ ಸರಿ ಇಡದಿದ್ದರೆ ಸುರಿದು ಹೋಗುತ್ತದೆ. ಡ್ರೈವರಿಗೆ ಅದರ ಅಭ್ಯಾಸ ಅಷ್ಟಿರಲಿಲ್ಲ. ಮೊದಲ ಎರಡು ಸಾಲು ಒತ್ತೊತ್ತಾಗಿ ಬಿತ್ತು, ಅಪ್ಪ ಬದುವಿನ ಮೇಲಿಂದ ಕೂಗಿದ ಮೇಲೆ ಸರಿ ಮಾಡಿದ. ನಮ್ಮದು ಎಂಎಲ್-365, ಕೃಷಿ ವಿಶ್ವವಿದ್ಯಾಲಯದ ತಳಿ. ಸಾಲಿನಲ್ಲಿ ಬಿದ್ದದ್ದರಿಂದ ಎಡೆಕುಂಟೆ ಹೊಡೆಯಲು ಸಲೀಸಾಯಿತು, ಕಳೆ ಕೂಲಿ ಒಂದು ಸಲದ್ದು ಉಳಿಯಿತು.

ಡ್ರೈವರ್ ಬಾಟಾ ಅಂತ ಇನ್ನೂರು ರೂಪಾಯಿ ಕೇಳಿದ. ರಸೀದಿಯಲ್ಲಿ ಅದಿಲ್ಲ. ಐದು ಮನೆಯವರು ನಲವತ್ತು ನಲವತ್ತು ಹಾಕಿ ಕೊಟ್ಟೆವು. ತಿಂಡಿ ಬೇರೆ. ಇದು ತಪ್ಪು ಅಂತ ಗೊತ್ತು. ಆದರೆ ಬಿಸಿಲಲ್ಲಿ ದಿನವಿಡೀ ಅಲುಗಾಡುತ್ತಾ ಕೂರುವ ಹುಡುಗನಿಗೆ ಅವರು ಕೊಡುವ ಸಂಬಳ ಕೇಳಿದರೆ ನೀವೂ ಕೊಡುತ್ತೀರಿ. ಗಂಟೆ ಲೆಕ್ಕದಲ್ಲಿ ಮಾತ್ರ ಬಿಡಬೇಡಿ. ಹೊಲಕ್ಕೆ ಇಳಿಯುವಾಗ ಒಂದು ಸಲ, ಹತ್ತುವಾಗ ಒಂದು ಸಲ ಮೀಟರ್ ಫೋಟೊ ಹೊಡೆದುಕೊಳ್ಳಿ.

ಸುಗ್ಗಿ ವಿಚಾರಕ್ಕೆ ಬರೋಣ. ಈಗ ರಾಗಿಗೂ ದೊಡ್ಡ ಕಟಾವು ಮಿಷನ್ನು ಬರುತ್ತದೆ. ನಮ್ಮ ಕಡೆ ಜಾಸ್ತಿ ತಮಿಳುನಾಡಿನಿಂದ ಬರುತ್ತವೆ, ನಡುವೆ ಏಜೆಂಟರು, ಮೋಡ ಕಟ್ಟಿದ ದಿನ ರೇಟು ಏರುತ್ತದೆ. ಕೆಲವು ಜಿಲ್ಲೆಗಳಲ್ಲಿ ಡಿಸಿಗಳೇ ದರ ಕಟ್ಟಿದ್ದುಂಟು. ಇದಕ್ಕೇ ಇರಬೇಕು, 2023ರ ಜುಲೈ ಬಜೆಟ್ಟಿನಲ್ಲಿ ಸರ್ಕಾರ ಯಂತ್ರಧಾರೆಯಡಿ 300 ಹಾರ್ವೆಸ್ಟರ್ ಹಬ್ ಮಾಡುತ್ತೇವೆ, ಮೊದಲು 50 ಕೋಟಿಯಲ್ಲಿ 100 ಅಂತ ಹೇಳಿತು. ಭತ್ತದ ಸೀಮೆಗೆ ಒಳ್ಳೆಯದೇ. ನಮಗೆ ಅದರಲ್ಲಿ ಒಂದು ತಕರಾರು: ಹುಲ್ಲು. ಕಟಾವು ಮಿಷನ್ನು ತೆನೆ ಎಳೆದುಕೊಂಡು ಹುಲ್ಲನ್ನು ಚೂರು ಮಾಡಿ ಹೊಲದಲ್ಲೇ ಉಗುಳುತ್ತದೆ. ಮನೆಯಲ್ಲಿ ಎರಡು ಹಸು, ಡೇರಿಗೆ ಹಾಲು ಹಾಕಿದ ದುಡ್ಡಲ್ಲೇ ವಾರದ ಸಂತೆ. ರಾಗಿ ಹುಲ್ಲಿಲ್ಲದೆ ಬೇಸಿಗೆ ಕಳೆಯುವುದು ಹೇಗೆ? ದೊಡ್ಡ ಹೊಲದವರಿಗೆ ಕಾಳು ಮುಖ್ಯ, ಎರಡು ಎಕರೆಯವರಿಗೆ ಹುಲ್ಲೂ ಅಷ್ಟೇ ಮುಖ್ಯ. ಹಬ್ ಮಾಡುವವರು ಕುಯ್ದು ಕಟ್ಟು ಕಟ್ಟಿ ಹಾಕುವ ಸಣ್ಣ ಮಿಷನ್ನನ್ನೂ ಜೊತೆಗೆ ಇಡಲಿ.

ಹಾಗಾಗಿ ನಾವು ಕೈಯಲ್ಲೇ ಕುಯ್ಸಿ, ಮೆದೆ ಹಾಕಿ, ಸಂಕ್ರಾಂತಿ ಕಳೆದ ಮೇಲೆ ಕೇಂದ್ರದ ಒಕ್ಕಣೆ ಮಿಷನ್ನು ತರಿಸಿದೆವು. ಇದಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ. ಮೊದಲು ಏನು ಮಾಡುತ್ತಿದ್ದೆವು ಗೊತ್ತಲ್ವಾ? ಟಾರು ರಸ್ತೆಗೆ ತೆನೆ ಹರಡುವುದು, ಹೋಗಿ ಬರುವ ಲಾರಿ ಬಸ್ಸು ತುಳಿಯಲಿ ಅಂತ ಕಾಯುವುದು, ಬೈಕಿನವರು ಜಾರಿ ಬಿದ್ದರೆ ಬೈಸಿಕೊಳ್ಳುವುದು. ರಾಗಿಯಲ್ಲಿ ಕಲ್ಲು, ಮಣ್ಣು. ಮಿಷನ್ನಿನಲ್ಲಿ ಎರಡೂವರೆ ಗಂಟೆಗೆ ಮೆದೆ ಪೂರ್ತಿ ಮುಗಿಯಿತು, ಕಾಳು ಶುದ್ಧ. ಒಕ್ಕಣೆಗೆ ಹದದ ತರಾತುರಿ ಇಲ್ಲ ನೋಡಿ. ಇವತ್ತಲ್ಲದಿದ್ದರೆ ಮುಂದಿನ ವಾರ. ಸರದಿ ಅನ್ನುವುದು ಅಲ್ಲಿ ಸರಿಯಾಗಿ ನಡೆಯುತ್ತದೆ. ಖರೀದಿ ಕೇಂದ್ರದಲ್ಲಿ ರಾಗಿ ಶುದ್ಧ ಇಲ್ಲ ಅಂತ ವಾಪಸ್ ಕಳಿಸುವ ಕಾಟವೂ ತಪ್ಪಿತು. ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಾಲಿಗೆ 4290 ಇತ್ತು, 2025-26ಕ್ಕೆ 4886 ಮಾಡಿದರು. ಒಂದು ಚೀಲ ವಾಪಸ್ ಬಂದರೂ ಹೊಟ್ಟೆ ಉರಿಯುವ ಬೆಲೆ.

ಅಕ್ಕನನ್ನು ಕೊಟ್ಟಿರುವುದು ತೀರ್ಥಹಳ್ಳಿ ಕಡೆ. ಅಲ್ಲಿ ಭಾವ ಭತ್ತದ ನಾಟಿಗೆ ಬಾಡಿಗೆ ಮಿಷನ್ನು ಹಿಡಿದಿದ್ದಾರೆ. ಧರ್ಮಸ್ಥಳ ಯೋಜನೆಯವರ ಯಂತ್ರಶ್ರೀ ಅಂತ ಒಂದಿದೆ, ಅದರಲ್ಲಿ. ಅವರ ಅನುಭವ ನಮಗಿಂತ ಚೆನ್ನಾಗಿದೆ. ಕಾರಣವೂ ಇದೆ. ಮಿಷನ್ ನಾಟಿಗೆ ಅಗೆಯನ್ನು, ಅಂದರೆ ಭತ್ತದ ಸಸಿಯನ್ನು, ಚಾಪೆ ಥರ ಬೆಳೆಸಬೇಕು, ಹದಿನೈದರಿಂದ ಹದಿನೆಂಟು ದಿನಕ್ಕೆ ನೆಡಬೇಕು. ಅಗೆ ಹಾಕುವ ದಿನವೇ ನಾಟಿಯ ದಿನ ಗೊತ್ತಾಗಿಬಿಡುತ್ತದೆ. ಮಿಷನ್ನಿನವರಿಗೂ ಎರಡು ವಾರ ಮುಂಚೆ ಲೆಕ್ಕ ಸಿಗುತ್ತದೆ. ನಮ್ಮ ಮಳೆ ಹೊಲಕ್ಕೆ ಅಂಥ ಕ್ಯಾಲೆಂಡರ್ ಎಲ್ಲಿಂದ ತರುವುದು?

ನನಗೆ ನಿಜವಾಗಿ ಬೇಜಾರಾದದ್ದು ಬೇರೆ ವಿಷಯಕ್ಕೆ. ನಮ್ಮ ಗುಡ್ಡದ ಪಕ್ಕದ ಹೊಲದ ಆಚೆ ಒಬ್ಬರು ವಾರಕ್ಕೆ, ಅಂದರೆ ಬೆಳೆಯಲ್ಲಿ ಒಡೆಯರಿಗೆ ಪಾಲು ಕೊಟ್ಟು, ಬೇಸಾಯ ಮಾಡುತ್ತಾರೆ. ಸ್ವಂತ ಭೂಮಿ ಇಲ್ಲ. ಊರಲ್ಲಿ ಬಡವರು ಅಂದರೆ ಮೊದಲು ಅವರ ಹೆಸರೇ ಬರಬೇಕು. ಕೇಂದ್ರದಲ್ಲಿ ಪಹಣಿ ಕೇಳಿದರು. ಪಹಣಿ ಬೆಂಗಳೂರಿನಲ್ಲಿರುವ ಒಡೆಯರ ಹೆಸರಲ್ಲಿದೆ, ಅವರು ಪಹಣಿ ಪ್ರತಿ ಕೊಡುವುದಕ್ಕೆ ಹೆದರುತ್ತಾರೆ, ನಾಳೆ ಗೇಣಿ ಹಕ್ಕು ಕೇಳಿಬಿಟ್ಟರೆ ಅಂತ. ಇವರು ವಾಪಸ್ ಬಂದು ಸಾವಿರದ ಇನ್ನೂರರ ಟ್ರ್ಯಾಕ್ಟರೇ ಹಿಡಿದರು. ತಾತನ ಹೆಸರಲ್ಲೇ ಪಹಣಿ ಉಳಿದು ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗದವರದ್ದೂ ಇದೇ ಪಾಡು. ಬಾಡಿಗೆಗೆ ಯಂತ್ರ ಕೊಡುವುದಕ್ಕೆ ಪಹಣಿ ಯಾಕೆ ಬೇಕು, ನನಗಂತೂ ಅರ್ಥ ಆಗಿಲ್ಲ. ಯಂತ್ರ ಕಳುವಾಗುತ್ತದಾ? ಡ್ರೈವರ್ ಅವರದೇ!

ಸಣ್ಣ ಸಾಮಾನಿನ ಬಗ್ಗೆ ಯಾರೂ ಬರೆಯಲ್ಲ, ಅದಕ್ಕೆ ಬರೆಯುತ್ತೇನೆ. ಬ್ರಷ್ ಕಟರ್, ಪವರ್ ಸ್ಪ್ರೇಯರ್ ದಿನದ ಬಾಡಿಗೆಗೆ ಸಿಗುತ್ತವೆ. ಗಲಾಟೆ ಇಲ್ಲ, ಸರದಿ ಇಲ್ಲ, ಬೈಕಿನ ಹಿಂದೆ ಇಟ್ಟುಕೊಂಡು ಬರಬಹುದು. ತರುವ ಮುಂಚೆ ಅಲ್ಲೇ ಒಂದು ಸಲ ಸ್ಟಾರ್ಟ್ ಮಾಡಿಸಿ ನೋಡಿ. ನಾನು ನೋಡದೆ ತಂದು, ಹೊಲದಲ್ಲಿ ಹಗ್ಗ ಎಳೆದೂ ಎಳೆದೂ ಭುಜ ಹಿಡಿಸಿಕೊಂಡಿದ್ದೇನೆ.

ಸ್ಟಾರ್ ಕೊಡಲೇಬೇಕು ಅಂದರೆ ಬಾಡಿಗೆ ದರಕ್ಕೆ ಐದು, ಯಂತ್ರದ ಸ್ಥಿತಿಗೆ ನಾಲ್ಕು, ಒಕ್ಕಣೆಗೆ ಮೊದಲೇ ಹೇಳಿದೆ, ಹದದ ದಿನ ಒಂಟಿಯಾಗಿ ಹೋದವರಿಗೆ ಸಿಗುವ ಸೇವೆಗೆ ಒಂದೂವರೆ. ಬೇರೆ ಹೋಬಳಿಯಲ್ಲಿ ಬೇರೆ ಥರ ಇರಬಹುದು, ನಡೆಸುವವರ ಮೇಲೆ ಹೋಗುತ್ತದೆ.

ಈ ಸಲ ಆರಿದ್ರ ಮಳೆಗೆ ಮುಂಚೆಯೇ ಅಮ್ಮ ಐದು ಮನೆಯವರ ಪಹಣಿ ಜೆರಾಕ್ಸ್ ಒಂದೇ ಕವರಿಗೆ ಹಾಕಿ ಕೇಂದ್ರಕ್ಕೆ ಕೊಟ್ಟು ಬಂದಿದ್ದಾಳೆ. ವಾರಕ್ಕೆ ಮಾಡುವವರ ಹೊಲವನ್ನೂ ನಮ್ಮ ಲೆಕ್ಕದಲ್ಲೇ ಸೇರಿಸಿದ್ದಾಳೆ, ಯಾರಿಗೂ ಹೇಳಬೇಡ ಅಂದಿದ್ದಾಳೆ. ಡ್ರೈವರ್ ಹುಡುಗನ ಸ್ವಂತ ನಂಬರ್ ಕೂಡ ಇಸ್ಕೊಂಡಿದ್ದಾಳೆ. ಭಾನುವಾರ ಹದ ಬಂದರೆ ಬೇಕಲ್ಲ.